ಐ3 ಸಾಕಾ, ಐ7 ಬೇಕಾ? ಐ3-1215ಯು ಲ್ಯಾಪ್‌ಟಾಪ್ ಬಳಸಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಕೂತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವ ನನ್ನಂಥವಳಿಗೆ ಇಂಟೆಲ್ ಕಂಪನಿಯ ಐ3-1215ಯು ಪ್ರೊಸೆಸರ್ (ಲ್ಯಾಪ್‌ಟಾಪ್‌ನ ಮಿದುಳು) ಸಾಕು. ಸಾಕು ಅಂದರೆ ಹೇಗೋ ಸುಧಾರಿಸಿಕೊಂಡು ಹೋಗಬಹುದು ಅಂತಲ್ಲ, ನಿಜವಾಗಲೂ ಸಾಕು. ಆದರೆ ಡಬ್ಬಿಯಿಂದ ತೆಗೆದ ಹಾಗೇ ಬಳಸಿದರೆ ಸಾಲದು. ಅದಕ್ಕೆ ಇನ್ನೊಂದು ಸಣ್ಣ ಖರ್ಚಿದೆ, ಆ ಖರ್ಚು ಪ್ರೊಸೆಸರ್‌ದಲ್ಲ.

ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಪ್ರೊಸೆಸರ್ ಹಾಕಿ ಹೆಚ್ಚುಕಮ್ಮಿ ಎಲ್ಲ ದೊಡ್ಡ ಕಂಪನಿಗಳೂ ಲ್ಯಾಪ್‌ಟಾಪ್ ಮಾರಿವೆ, ಒಳಗಿನ ಸಾಮಾನು ಒಂದೇ ಥರ. ನನ್ನದು 15.6 ಇಂಚು ಸ್ಕ್ರೀನ್, 8 ಜಿಬಿ ರ‍್ಯಾಮ್ (ತೆರೆದಿರುವ ಕೆಲಸಗಳು ಕೂರುವ ಮೆಮೊರಿ), 512 ಜಿಬಿ ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಜಾಗ), ವಿಂಡೋಸ್ 11. ಬೆಳಿಗ್ಗೆಯಿಂದ ಸಂಜೆ ತನಕ ಟ್ಯಾಲಿ ತೆರೆದೇ ಇರುತ್ತೆ. ಜೊತೆಗೆ ನಾಲ್ಕೈದು ಎಕ್ಸೆಲ್ ಫೈಲು, ಬ್ರೌಸರ್‌ನಲ್ಲಿ ಬ್ಯಾಂಕು, ಜಿಎಸ್‌ಟಿ, ಇಮೇಲು, ವಾಟ್ಸಾಪ್ ವೆಬ್ಬು, ಗಿರಾಕಿಗಳು ಕಳಿಸುವ ಸ್ಕ್ಯಾನ್ ಮಾಡಿದ ಬಿಲ್ಲುಗಳ ಪಿಡಿಎಫ್ ರಾಶಿ. ಆಗಾಗ ನುಡಿ ತಂತ್ರಾಂಶದಲ್ಲಿ ಒಂದು ಕನ್ನಡ ಪತ್ರ ಟೈಪ್ ಮಾಡಬೇಕು. ರಾತ್ರಿ ಅದೇ ಲ್ಯಾಪ್‌ಟಾಪ್ ಮಗಳ ಕೈಗೆ ಹೋಗುತ್ತೆ, ಅವಳದು ಪೈಥಾನ್ ಕಲಿಕೆ ಮತ್ತು ಯೂಟ್ಯೂಬು. ಯಾವುದು ಜಾಸ್ತಿ ಅಂತ ಕೇಳಬೇಡಿ.

ಕೊಳ್ಳೋಕೆ ಹೋದಾಗ ಅಂಗಡಿಯವರು "ಮೇಡಂ, ಐ7 ತಗೊಂಡುಬಿಡಿ, ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಅಂದರು. ಅವರ ಲೆಕ್ಕದಲ್ಲಿ ಐ3 ಅಂದರೆ ಮಕ್ಕಳಿಗೆ, ಐ5 ಅಂದರೆ ಆಫೀಸಿಗೆ, ಐ7 ಅಂದರೆ "ಬೆಸ್ಟು". ಅಷ್ಟೇ ವಿವರಣೆ. ಅದಕ್ಕೂ ಇದಕ್ಕೂ ಆಗ ಸುಮಾರು ಮೂವತ್ತು ಸಾವಿರ ವ್ಯತ್ಯಾಸ ಇತ್ತು. ಮೂವತ್ತು ಸಾವಿರಕ್ಕೆ ಒಳಗೆ ಏನು ಜಾಸ್ತಿ ಸಿಗುತ್ತೆ ಅಂತ ಕೇಳಿದರೆ ಮತ್ತೆ "ಬೆಸ್ಟು" ಅಂತಲೇ ಉತ್ತರ ಬಂತು.

ಉತ್ತರ ಇಂಟೆಲ್ ತಾನೇ ಹಾಕಿರುವ ವಿವರದಲ್ಲಿದೆ, ಯಾರು ಬೇಕಾದರೂ ನೋಡಬಹುದು. 2022ರಲ್ಲಿ ಬಂದ 12ನೇ ತಲೆಮಾರಿನ ಈ ಚಿಪ್‌ಗಳಲ್ಲಿ (ಅಂದರೆ ಪ್ರೊಸೆಸರ್‌ಗಳಲ್ಲಿ) ಎರಡು ಥರದ ಕೋರ್‌ಗಳಿವೆ, ದೊಡ್ಡವು ಮತ್ತು ಚಿಕ್ಕವು. ಕೋರ್ ಅಂದರೆ ಚಿಪ್ ಒಳಗೆ ಲೆಕ್ಕ ಮಾಡುವ ಘಟಕ. ಐ3-1215ಯು ಒಳಗೆ ದೊಡ್ಡ ಕೋರ್ 2, ಚಿಕ್ಕ ಕೋರ್ 4. ಐ5-1235ಯು ಒಳಗೆ ದೊಡ್ಡದು 2, ಚಿಕ್ಕದು 8. ಐ7-1255ಯು ಒಳಗೆ? ದೊಡ್ಡದು 2, ಚಿಕ್ಕದು 8. ಹೌದು, ಐ5ರಷ್ಟೇ! ಗರಿಷ್ಠ ವೇಗ ಐ3ರದು 4.4 ಗಿಗಾಹರ್ಟ್ಸ್, ಐ5ರದು ಕೂಡ 4.4, ಐ7ರದು 4.7. ಗ್ರಾಫಿಕ್ಸ್ ಭಾಗ ಒಂದೊಂದರಲ್ಲಿ ಸ್ವಲ್ಪ ಸ್ವಲ್ಪ ದೊಡ್ಡದು. ಇಷ್ಟೇ.

ಮದುವೆ ಮನೆ ಅಡುಗೆ ಅಂದುಕೊಳ್ಳಿ. ಮೂರೂ ಮನೆಯಲ್ಲಿ ಒಲೆ ಮುಂದೆ ನಿಂತಿರುವ ಭಟ್ಟರು ಇಬ್ಬರೇ. ಐ5, ಐ7 ಮನೆಯಲ್ಲಿ ತರಕಾರಿ ಹೆಚ್ಚುವವರು ನಾಲ್ಕು ಜನ ಜಾಸ್ತಿ. ಸಾವಿರ ಜನಕ್ಕೆ ಊಟ ಇದ್ದರೆ ಆ ನಾಲ್ಕು ಜನ ಬೇಕೇ ಬೇಕು, ಉಪ್ಪಿಟ್ಟು ಮಾಡೋಕೆ ಬೇಡ.

ನಾವು ದಿನವಿಡೀ ಮಾಡುವುದು ಬಹುಪಾಲು ಉಪ್ಪಿಟ್ಟೇ. ಟ್ಯಾಲಿಯಲ್ಲಿ ವೋಚರ್ ಹಾಕುವುದು, ಬ್ರೌಸರ್‌ನಲ್ಲಿ ಒಂದು ಪುಟ ತೆರೆಯುವುದು, ವರ್ಡ್‌ನಲ್ಲಿ ಟೈಪ್ ಮಾಡುವುದು, ಇವೆಲ್ಲ ಒಂದೋ ಎರಡೋ ಕೋರ್‌ಗಳ ವೇಗದ ಮೇಲೆ ನಿಂತಿರುವ ಕೆಲಸ. ಆ ಎರಡು ಕೋರ್ ಮೂರರಲ್ಲೂ ಒಂದೇ ಜಾತಿಯವು. ಹಾಗಾಗಿ ನನ್ನ ಐ3ನಲ್ಲಿ ಟ್ಯಾಲಿ ತೆರೆಯುವುದಕ್ಕೂ ತಮ್ಮನ ಆಫೀಸಿನ ಐ7-1255ಯುನಲ್ಲಿ ಟ್ಯಾಲಿ ತೆರೆಯುವುದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಪಕ್ಕಪಕ್ಕ ಇಟ್ಟು ನೋಡಿದ್ದೇವೆ, ಅವನಿಗೆ ಸ್ವಲ್ಪ ಬೇಜಾರೂ ಆಯಿತು. ಇನ್ನು ಸರ್ಕಾರಿ ಪೋರ್ಟಲ್‌ಗಳ ವಿಷಯ ಬೇರೆ. ಕಡೇ ದಿನ ಇಡೀ ದೇಶ ಒಟ್ಟಿಗೆ ನುಗ್ಗಿ ಚಕ್ರ ತಿರುಗುತ್ತಾ ನಿಂತರೆ ಐ9 ಇದ್ದರೂ ಚಕ್ರ ತಿರುಗುವುದನ್ನೇ ನೋಡಬೇಕು.

ಹಾಗಾದರೆ ಎಲ್ಲೂ ತೊಂದರೆ ಆಗಲಿಲ್ವಾ? ಆಯಿತು. ಹೊಸತರಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಲ್ಯಾಪ್‌ಟಾಪ್ ಮಂಕಾಗುತ್ತಿತ್ತು. ಟ್ಯಾಬ್ ಬದಲಿಸಿದರೆ ಒಂದು ಕ್ಷಣ ಬೆಳ್ಳಗೆ ಖಾಲಿ ಕಾಣಿಸಿ ಆಮೇಲೆ ಪುಟ ಬರುವುದು, ಟ್ಯಾಲಿಯಿಂದ ಎಕ್ಸೆಲ್‌ಗೆ ಹೋದರೆ ಒಂದು ತಡೆತ. ಮನೆಯವರು "ಐ3 ಅಲ್ವಾ, ಅಷ್ಟೇ ಮತ್ತೆ" ಅಂದುಬಿಟ್ಟರು. ಇಲ್ಲೇ ಎಲ್ಲರೂ ತಪ್ಪು ಆಸಾಮಿಯನ್ನು ಹಿಡಿಯುವುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ, ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಭಾಗ ನೋಡಿ. ಮಂಕಾದ ಹೊತ್ತಲ್ಲೇ ನಾನು ನೋಡಿದೆ: ಸಿಪಿಯು (ಅಂದರೆ ಪ್ರೊಸೆಸರ್) ಶೇ 20ರ ಆಸುಪಾಸಿನಲ್ಲಿ ಆರಾಮಾಗಿ ಕೂತಿದೆ, ಮೆಮೊರಿ ಗೆರೆ ಮಾತ್ರ ಚಾವಣಿಗೆ ತಾಗಿ ನೇರವಾಗಿ ಎಳೆದ ಹಾಗಿದೆ. ಇದ್ದ 7.7 ಜಿಬಿಯಲ್ಲಿ 7.2 ಭರ್ತಿ. (8 ಅಂತ ಹೇಳಿ 7.7 ಯಾಕೆ ಅಂದರೆ ಗ್ರಾಫಿಕ್ಸ್‌ಗೂ ಇದರಲ್ಲೇ ಪಾಲು.) ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಎಸ್‌ಎಸ್‌ಡಿಗೆ ಸಾಗಿಸಿ, ನೀವು ಆ ಟ್ಯಾಬ್‌ಗೆ ವಾಪಸ್ ಬಂದಾಗ ಮತ್ತೆ ಎತ್ತಿಕೊಂಡು ಬರುತ್ತೆ. ಆ ಓಡಾಟವೇ ನಮಗೆ ನಿಧಾನ ಅಂತ ಕಾಣುವುದು. ಇಲ್ಲಿ ಐ7 ಇದ್ದಿದ್ದರೂ ಅದೇ 8 ಜಿಬಿಯಲ್ಲಿ ಇದೇ ಗತಿ.

ರಿಪೇರಿ ಅಂಗಡಿಗೆ ಒಯ್ದು ಇನ್ನೊಂದು 8 ಜಿಬಿ ಹಾಕಿಸಿದೆ. ಎದುರಿಗೇ ಕೂತು ನೋಡಿದೆ. ಹುಡುಗ ಹಿಂದಿನ ಸ್ಕ್ರೂ ಬಿಚ್ಚಿ, ಯಾವ ಸ್ಕ್ರೂ ಎಲ್ಲಿಯದು ಅಂತ ಗೊತ್ತಾಗಲಿ ಅಂತ ಅದೇ ಆಕಾರದಲ್ಲಿ ಮೇಜಿನ ಮೇಲೆ ಜೋಡಿಸಿಟ್ಟ. ಒಂದು ಹಳೇ ಪ್ಲಾಸ್ಟಿಕ್ ಕಾರ್ಡ್ ಅಂಚಿಗೆ ತೂರಿಸಿ ಮುಚ್ಚಳ ಎಬ್ಬಿಸಿದ. ಮೊದಲು ಬ್ಯಾಟರಿ ತಂತಿ ಕಳಚಿದ, ಆಮೇಲೆ ಖಾಲಿ ಸ್ಲಾಟ್‌ಗೆ ರ‍್ಯಾಮ್ ಕಡ್ಡಿಯನ್ನು ಓರೆಯಾಗಿ ತಳ್ಳಿ ಕೆಳಕ್ಕೆ ಒತ್ತಿದ, ಎರಡೂ ಪಕ್ಕದ ಕ್ಲಿಪ್ ಟಕ್ ಅಂತ ಹಿಡಿದವು. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಾಗೇ ಇತ್ತು. ನನ್ನ ಎದೆ ಧಸಕ್ಕೆಂದಿತು, ಅವನು ಮಾತ್ರ ಮೊಬೈಲ್ ನೋಡುತ್ತಾ "ಹೊಸ ರ‍್ಯಾಮ್ ಅಲ್ವಾ ಆಂಟಿ, ಗುರುತು ಹಿಡೀತಾ ಇದೆ" ಅಂದ. ಗುರುತು ಹಿಡಿಯಿತು. ಅವತ್ತಿಂದ ಮಧ್ಯಾಹ್ನದ ಮಂಕು ಇಲ್ಲ, ಟ್ಯಾಬ್ ಬೆಳ್ಳಗಾಗುವುದಿಲ್ಲ. ಹಾಕಿಸುವ ಮೊದಲು ವಾರಂಟಿ ಏನಾಗುತ್ತೆ ಅಂತ ಕಂಪನಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ರ‍್ಯಾಮ್ ರೇಟು ಯಾವತ್ತೂ ಒಂದೇ ಸಮ ಇರಲ್ಲ, ಅದನ್ನೂ ಎರಡು ಕಡೆ ವಿಚಾರಿಸಿ.

ಇನ್ನೊಂದು ಲಾಭ ಇದೆ, ಅದು ಐ5 ಕೊಳ್ಳುವವರು ತಿಳಿದುಕೊಳ್ಳಬೇಕಾದದ್ದು. ಒಂದರ ಬದಲು ಎರಡು ಕಡ್ಡಿ ಇದ್ದರೆ ರ‍್ಯಾಮ್ ಎರಡು ದಾರಿಯಲ್ಲಿ ಕೆಲಸ ಮಾಡುತ್ತೆ, ಇದರಿಂದ ಮುಖ್ಯವಾಗಿ ಗ್ರಾಫಿಕ್ಸ್ ಚುರುಕಾಗುತ್ತೆ. ಐ5-1235ಯು ಜಾಹೀರಾತಿನಲ್ಲಿ "ಐರಿಸ್ ಎಕ್ಸ್‌ಇ ಗ್ರಾಫಿಕ್ಸ್" ಅಂತ ದೊಡ್ಡದಾಗಿ ಹಾಕಿರುತ್ತಾರೆ. ಒಂದೇ ಕಡ್ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಅದು ಆ ಹೆಸರಲ್ಲಿ ಓಡುವುದೇ ಇಲ್ಲ, ವಿಂಡೋಸ್‌ನಲ್ಲಿ ಬರೀ "ಯುಎಚ್‌ಡಿ ಗ್ರಾಫಿಕ್ಸ್" ಅಂತ ತೋರಿಸುತ್ತೆ. ಅಂದರೆ ಐ5ಗೆ ದುಡ್ಡು ಕೊಟ್ಟು ಒಂದೇ 8 ಜಿಬಿ ಕಡ್ಡಿಯದನ್ನು ತಂದರೆ, ದುಡ್ಡು ಕೊಟ್ಟ ಭಾಗವೇ ಅರ್ಧ ಮಲಗಿರುತ್ತೆ.

ಈಗ ಐ3 ಎಲ್ಲಿ ಸೋಲುತ್ತೆ ಅಂತ ನೋಡೋಣ, ಬರೀ ಹೊಗಳಿದರೆ ರಿವ್ಯೂ ಆಗಲ್ಲ.

ವರ್ಷದ ಕೊನೆಗೆ ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿ ಲೆಕ್ಕವನ್ನು ಪೋರ್ಟಲ್‌ನಿಂದ ಇಳಿಸಿದ ಪಟ್ಟಿ ಜೊತೆ ತಾಳೆ ನೋಡಬೇಕು. ಸಾವಿರಗಟ್ಟಲೆ ಸಾಲು, ಪ್ರತಿ ಸಾಲಿಗೂ ವಿಲುಕಪ್ (ಇನ್ನೊಂದು ಪಟ್ಟಿಯಲ್ಲಿ ಹುಡುಕುವ ಎಕ್ಸೆಲ್ ಸೂತ್ರ). ಒಂದು ಅಂಕಿ ಬದಲಿಸಿದರೆ ಸಾಕು, ಎಕ್ಸೆಲ್ ಕೆಳಗಿನ ಪಟ್ಟಿಯಲ್ಲಿ "ಕ್ಯಾಲ್ಕ್ಯುಲೇಟಿಂಗ್: (8 ಥ್ರೆಡ್ಸ್)" ಅಂತ ಬಂದು ಶೇಕಡಾವಾರು ನಿಧಾನವಾಗಿ ಏರುತ್ತೆ (ಥ್ರೆಡ್ ಅಂದರೆ ಪ್ರೊಸೆಸರ್ ಒಟ್ಟಿಗೆ ನಡೆಸುವ ಕೆಲಸದ ಸಾಲು). ಆಗ ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ನಿಜಕ್ಕೂ ಶೇ 100. ಇದು ಪ್ರೊಸೆಸರ್‌ನದೇ ಕೆಲಸ, ರ‍್ಯಾಮ್ ಹಾಕಿದರೆ ಸರಿ ಹೋಗಲ್ಲ. ತಮ್ಮನ ಐ7ನಲ್ಲಿ ಅದೇ ಫೈಲ್ ತೆರೆದರೆ ಅಲ್ಲಿ "12 ಥ್ರೆಡ್ಸ್" ಅಂತ ಬರುತ್ತೆ, ಬೇಗ ಮುಗಿಯುತ್ತೆ ಕೂಡ. ಆ ಜಾಸ್ತಿ ನಾಲ್ಕು ಚಿಕ್ಕ ಕೋರ್‌ಗಳಿಗೆ ಕೊನೆಗೂ ಕೆಲಸ ಸಿಕ್ಕಿತು. ಆದರೆ ಐ5ನಲ್ಲೂ ಅದೇ 12 ಥ್ರೆಡ್, ಐ7ಗೆ ಹೋಗಬೇಕಿಲ್ಲ. ನನಗೆ ಇಂಥ ಫೈಲ್ ಬರುವುದು ಅಪರೂಪಕ್ಕೆ, ಲೆಕ್ಕ ಹಾಕುವ ಹೊತ್ತಿಗೆ ಒಂದು ಟೀ ಕುಡಿಯುತ್ತೇನೆ. ದಿನಾ ಇದೇ ಮಾಡುವವರಾದರೆ ಐ5ಗೆ ಹೋಗಿ, ಆ ದುಡ್ಡು ದಂಡವಲ್ಲ.

ವಿಡಿಯೋ ಎಡಿಟಿಂಗ್ ಇನ್ನೊಂದು. ಮಗಳ ಶಾಲೆಯ ಕಾರ್ಯಕ್ರಮದ ಫೋನ್ ವಿಡಿಯೋ ಕತ್ತರಿಸಿ ಜೋಡಿಸುವುದಕ್ಕೆಲ್ಲ ಇದು ಸಾಲುತ್ತೆ, ಇಂಟೆಲ್ ಚಿಪ್ ಒಳಗೇ ವಿಡಿಯೋಗೆ ಅಂತ ಬೇರೆ ಭಾಗ ಇದೆ, ಅದು ಕೈ ಹಿಡಿಯುತ್ತೆ. ಯೂಟ್ಯೂಬ್ ನೋಡುವಾಗ ಸಿಪಿಯು ಅಲುಗಾಡದೇ ಇರುವುದೂ ಅದರಿಂದಲೇ. ಮದುವೆ ವಿಡಿಯೋ 4ಕೆ ಫೂಟೇಜ್ ಹಾಕಿ, ಬಣ್ಣ ತಿದ್ದಿ, ಎಫೆಕ್ಟ್ ಕೂರಿಸುತ್ತೇನೆ ಅಂದರೆ ಈ ಲ್ಯಾಪ್‌ಟಾಪ್ ಹತ್ತಿರವೂ ಬರಬೇಡಿ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗಿನ ನಕಲಿ ಫೋನ್) ಓಡಿಸುವವರಿಗೂ ಇದೇ ಮಾತು. ದೊಡ್ಡ ಗೇಮ್ ಆಡುವವರಿಗೆ ಹೇಳುವುದೇ ಬೇಡ.

ಆದರೆ ಅಂಥವರು ಹೋಗಬೇಕಾದ್ದು ಐ7-1255ಯು ಕಡೆಗಲ್ಲ. ಇದೇ ನನಗೆ ಅತಿ ವಿಚಿತ್ರ ಅನಿಸಿದ್ದು. ಸಂಖ್ಯೆಯ ಕೊನೆಯ ಅಕ್ಷರ ನೋಡಿ. ಯು ಅಂದರೆ ಕಡಿಮೆ ವಿದ್ಯುತ್ ಕುಡಿಯುವ ಚಿಪ್, ಮೂಲ ಲೆಕ್ಕ 15 ವ್ಯಾಟ್. ಎಚ್ ಅಂದರೆ 45 ವ್ಯಾಟ್. ಐ5-12450ಎಚ್ ಒಳಗೆ ದೊಡ್ಡ ಕೋರ್ 4, ಚಿಕ್ಕದು 4. ದೊಡ್ಡ ಕೋರ್ ಎರಡರ ಬದಲು ನಾಲ್ಕು! ಭಾರದ ಕೆಲಸದಲ್ಲಿ ಈ ಐ5, ಯು ಅಕ್ಷರದ ಐ7 ಅನ್ನು ಹಿಂದೆ ಹಾಕುತ್ತೆ. ಅಕ್ಕನ ಮಗ ಮದುವೆ ವಿಡಿಯೋ ಮಾಡುತ್ತಾನೆ, ಅವನು ತಗೊಂಡಿದ್ದು ಇದನ್ನೇ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಮಾಡೆಲ್. ಅದರ ಚಾರ್ಜರ್ ಒಂದು ಇಟ್ಟಿಗೆ ಗಾತ್ರ ಇದೆ, ಎಕ್ಸ್‌ಪೋರ್ಟ್ ಹಾಕಿದರೆ ಫ್ಯಾನ್ ಸದ್ದು ಹಜಾರದ ತನಕ ಕೇಳುತ್ತೆ, ಚಾರ್ಜರ್ ಇಲ್ಲದೆ ಜಾಸ್ತಿ ಹೊತ್ತು ನಡೆಯಲ್ಲ. ಅವನಿಗೆ ಅದು ಪರವಾಗಿಲ್ಲ. ನಾನು ಗಿರಾಕಿ ಅಂಗಡಿಗೆ ಹೊತ್ತುಕೊಂಡು ಹೋಗಿ ಅಕ್ಕಿ ಮೂಟೆ ಪಕ್ಕ ಕೂತು ಕೆಲಸ ಮಾಡುವವಳು, ನನಗೆ ಅದು ಆಗಲ್ಲ.

ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್ ಒಂದೇ ಥರ ಓಡಬೇಕು ಅಂತಲೂ ಇಲ್ಲ. 15 ವ್ಯಾಟ್ ಅಂತ ಬರೆದಿರುವ 1235ಯು, ಸ್ವಲ್ಪ ಹೊತ್ತಿಗೆ 55 ವ್ಯಾಟ್ ತನಕ ಎಳೆಯಬಹುದು ಅಂತ ಇಂಟೆಲ್ಲೇ ಹೇಳುತ್ತೆ. ಎಷ್ಟು ಎಳೆಯಬೇಕು, ಎಷ್ಟು ಹೊತ್ತು ಅನ್ನುವುದನ್ನು ಲ್ಯಾಪ್‌ಟಾಪ್ ಮಾಡುವ ಕಂಪನಿ ನಿರ್ಧರಿಸುತ್ತೆ. ಬಿಸಿ ಹೊರಹಾಕುವ ವ್ಯವಸ್ಥೆ ಚೆನ್ನಾಗಿದ್ದರೆ ಜಾಸ್ತಿ ಬಿಡುತ್ತಾರೆ. ತೆಳ್ಳಗೆ ಚೆಂದ ಕಾಣಲಿ ಅಂತ ಮಾಡಿದ್ದಾದರೆ ಮೊದಲ ಕೆಲವು ಸೆಕೆಂಡ್ ಓಡಿ ಆಮೇಲೆ ಕುಂಟುತ್ತೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ತೆಳ್ಳನೆ ಐ7ಗಿಂತ ಸ್ವಲ್ಪ ದಪ್ಪನೆ ಐ5 ವಾಸಿ ಅಂತ ನಾನು ಹೇಳುವುದು ಇದಕ್ಕೇ.

ಮುಂದಿನ ತಲೆಮಾರಿನಲ್ಲಿ ಇದೆಲ್ಲ ಬದಲಾಗಿರಬಹುದು ಅಂತ ನೋಡಿದೆ. 13ನೇ ತಲೆಮಾರು: ಐ3-1315ಯು ಮತ್ತೆ 2 ಮತ್ತು 4, ಐ5-1335ಯು 2 ಮತ್ತು 8, ಐ7-1355ಯು 2 ಮತ್ತು 8. ಆಮೇಲೆ 2024ರಲ್ಲಿ ಐ ಅಕ್ಷರ ತೆಗೆದು ಕೋರ್ 3 100ಯು, ಕೋರ್ 5 120ಯು, ಕೋರ್ 7 150ಯು ಅಂತ ಹೊಸ ಹೆಸರಿಟ್ಟರು. ಒಳಗೆ ಇಣುಕಿದರೆ ಅದೇ 2 ಮತ್ತು 4, 2 ಮತ್ತು 8, 2 ಮತ್ತು 8. ವೇಗ ಸ್ವಲ್ಪ ಸ್ವಲ್ಪ ಏರಿದೆ, ಸ್ಟಿಕ್ಕರ್ ಹೊಸದು.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಡೆ ಬೇರೆ ಥರದ ಗುಂಡಿ ಇದೆ. ರೈಜನ್ 5 7520ಯು ಮತ್ತು ರೈಜನ್ 5 7530ಯು, ಎರಡೂ ಅಕ್ಕಪಕ್ಕದ ಸಂಖ್ಯೆ, ನೋಡಿದರೆ ಅಣ್ಣತಮ್ಮ. ಆದರೆ 7520ಯು ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸದ 4 ಕೋರ್, 7530ಯು ಒಳಗಿರುವುದು ಅದರ ಮುಂದಿನ ಝೆನ್ 3 ವಿನ್ಯಾಸದ 6 ಕೋರ್. ಈ 7000 ಸಾಲಿನಲ್ಲಿ ಮೂರನೇ ಅಂಕಿಯೇ ವಿನ್ಯಾಸದ ಗುರುತು: 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3. ಮೊದಲ ಅಂಕಿ 7 ನೋಡಿ ಹೊಸದು ಅಂದುಕೊಂಡು ತರುವವರು ಬಹಳ ಜನ. ಮೇಲಾಗಿ 7520ಯು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, 8 ಜಿಬಿ ತಂದರೆ ಕೊನೇ ತನಕ 8 ಜಿಬಿಯೇ. 7530ಯು ಒಳ್ಳೇ ಚಿಪ್, ನನ್ನ ಐ3 ಸಿಗುವ ಬೆಲೆಯ ಹತ್ತಿರ ಸಿಕ್ಕರೆ ಅದನ್ನೇ ತಗೊಳ್ಳಿ ಅಂತೀನಿ.

ಕೆಳಗಡೆ ಮಿತಿಯೂ ಇದೆ. "ಐ3 ಸಾಕು ಅಂದಿರಲ್ಲ, ಸೆಲೆರಾನ್ ಇನ್ನೂ ಅಗ್ಗ" ಅಂತ ನೆಂಟರೊಬ್ಬರು ಸೆಲೆರಾನ್ ಎನ್4020 ತೋರಿಸಿದರು. ಅದರಲ್ಲಿ ಇರುವುದು 2 ಚಿಕ್ಕ ಕೋರ್, 2 ಥ್ರೆಡ್, ಅಷ್ಟೇ. ಅಂಥದರಲ್ಲಿ ಸಾಮಾನ್ಯವಾಗಿ 4 ಜಿಬಿ ರ‍್ಯಾಮ್ ಕೊಟ್ಟಿರುತ್ತಾರೆ. ವಿಂಡೋಸ್ 11ಗೆ ಕನಿಷ್ಠ ಬೇಕಾದ್ದು 4 ಜಿಬಿ, ಹಾಗಾಗಿ ಕಾಗದದ ಮೇಲೆ ಸರಿ. ಬಳಸೋಕೆ ಕೂತರೆ ಜೀವ ಹೋಗುತ್ತೆ. ಆ ದುಡ್ಡಿಗೆ ಹಳೇ ಲ್ಯಾಪ್‌ಟಾಪ್ ವಾಸಿ.

ಹಳೇದು ಅಂದಾಗ ನೆನಪಾಯಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಕಂಪನಿಗಳಿಂದ ಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಸಾಲುಸಾಲು ಇರುತ್ತವೆ. ಅಲ್ಲಿ ಒಂದೇ ಗೆರೆ ನೆನಪಿಡಿ: ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಆಮೇಲಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಶುರು. ಅಲ್ಲೂ ಐ7 ಮೋಹ ಬಿಡಿ. ಐ7-7500ಯು ಅಂತ ಕೇಳೋಕೆ ಜೋರಾಗಿದೆ, ಒಳಗೆ 2 ಕೋರ್. ಐ5-8250ಯು ಒಳಗೆ 4 ಕೋರ್, ವಿಂಡೋಸ್ 11 ಪಟ್ಟಿಯಲ್ಲೂ ಇದೆ. ನನ್ನ ಪಕ್ಕದ ಟೈಪಿಂಗ್ ಸೆಂಟರ್‌ನವರು 8250ಯು ಇರುವ ಥಿಂಕ್‌ಪ್ಯಾಡ್ ಟಿ480 ಇಟ್ಟುಕೊಂಡು ಅರ್ಜಿ, ಪಹಣಿ, ಜೆರಾಕ್ಸು ಎಲ್ಲ ನಡೆಸುತ್ತಿದ್ದಾರೆ, ಅದರ ಕೀಬೋರ್ಡ್ ನೋಡಿ ನನಗೆ ಹೊಟ್ಟೆಕಿಚ್ಚು.

ಎಂಜಿನಿಯರಿಂಗ್ ಸೇರುವ ಮಕ್ಕಳ ಅಪ್ಪಅಮ್ಮಂದಿರು ತುಂಬಾ ಕೇಳುತ್ತಾರೆ. ಕಂಪ್ಯೂಟರ್ ಸೈನ್ಸ್ ಮೊದಲ ವರ್ಷದ ಸಿ, ಪೈಥಾನ್ ಪ್ರೋಗ್ರಾಂಗಳಿಗೆ ಇಂಥ ಐ3 ಕೂಡ ಧಾರಾಳ, ಮುಂದೆ ಆಂಡ್ರಾಯ್ಡ್ ಸ್ಟುಡಿಯೋ ಬರುತ್ತೆ ಅನ್ನುವುದಕ್ಕೆ ಐ5 ಮತ್ತು 16 ಜಿಬಿ ತಗೊಂಡರೆ ನೆಮ್ಮದಿ. ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಆದರೆ ಸಾಲಿಡ್‌ವರ್ಕ್ಸ್, ರೆವಿಟ್ ಥರದ ವಿನ್ಯಾಸ ತಂತ್ರಾಂಶ ಬರುತ್ತೆ, ಅಲ್ಲಿ ಎಚ್ ಅಕ್ಷರ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನೋಡಿ. ಎರಡೂ ಕಡೆ ಯು ಅಕ್ಷರದ ಐ7 ನನ್ನ ಪಟ್ಟಿಯಲ್ಲಿ ಬರಲೇ ಇಲ್ಲ, ಗಮನಿಸಿ.

ನನ್ನ ಲ್ಯಾಪ್‌ಟಾಪ್ ಬಗ್ಗೆ ದೂರು ಇದೆ, ಪ್ರೊಸೆಸರ್ ಬಗ್ಗೆ ಅಲ್ಲ. ಸ್ಕ್ರೀನ್ ಮಬ್ಬು. 250 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ), ಕಿಟಕಿಗೆ ಬೆನ್ನು ಹಾಕಿ ಕೂತರೆ ಅಂಕಿಗಿಂತ ನನ್ನ ಮುಖವೇ ಸ್ಪಷ್ಟ ಕಾಣುತ್ತೆ. ಕೆಂಪು ಬಣ್ಣ ಇಟ್ಟಿಗೆ ಬಣ್ಣದ ಹಾಗೆ. ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ನನ್ನನ್ನು ಹಳೇ ರೇಷನ್ ಕಾರ್ಡ್ ಫೋಟೋ ಮಾಡಿಬಿಡುತ್ತೆ. ಮತ್ತೆ ಕೊಳ್ಳುವುದಾದರೆ ಐ3, 16 ಜಿಬಿ, ಮತ್ತು ಉಳಿದ ದುಡ್ಡಲ್ಲಿ 300 ನಿಟ್ಸ್ ದಾಟಿದ ಒಳ್ಳೇ ಸ್ಕ್ರೀನ್ ಹುಡುಕುತ್ತೇನೆ. ಕಣ್ಣು ದಿನವಿಡೀ ನೋಡುವುದು ಅದನ್ನೇ ಅಲ್ವಾ.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ಪ್ರದರ್ಶನಕ್ಕೆ ಇಟ್ಟ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಮೇಲೆ ಕ್ಲಿಕ್ ಮಾಡಿ. ಕೆಳಗೆ "ಸ್ಲಾಟ್ಸ್ ಯೂಸ್ಡ್: 1 ಆಫ್ 2" ಅಂತ ಇದ್ದರೆ ಮುಂದೆ ರ‍್ಯಾಮ್ ಹಾಕಿಸಲು ಜಾಗ ಇದೆ ಅಂತ ಅರ್ಥ, ಆದರೂ ಅಂಗಡಿಯವರ ಬಾಯಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಅದರ ಕೆಳಗೆ ಫಾರ್ಮ್ ಫ್ಯಾಕ್ಟರ್ ಮುಂದೆ "ರೋ ಆಫ್ ಚಿಪ್ಸ್" ಅಂತ ಇದ್ದರೆ ರ‍್ಯಾಮ್ ಬೆಸೆದದ್ದು. ಅದರಲ್ಲಿ 16 ಜಿಬಿ ಈಗಲೇ ಇದ್ದರೆ ಯೋಚನೆ ಮಾಡಿ, 8 ಇದ್ದರೆ ಪಕ್ಕದ ಮಾಡೆಲ್ ತೋರಿಸಿ ಅನ್ನಿ.